ಅಪ್ಪ ಜೋತು ನೋಡಿದ ಹಗ್ಗ

ಮೊಮ್ಮಗಳು ಇವತ್ತು ಹೊಸ ತೆಂಗಿನ ನಾರಿನ ಹಗ್ಗ ತಂದು ಅಂಗಳದಲ್ಲಿ ಹಾಕಿದ್ಲು ನೋಡಿ, ಆ ವಾಸನೆಗೆ ನನ್ನಪ್ಪ ಕಣ್ಮುಂದೆ ಬಂದ್ಬಿಟ್ಟ, ಖುಷಿ ತಡೆಯೋಕಾಗ್ತಿಲ್ಲ.

ನಮ್ಮೂರು ಯಗಟೀಲಿ ಅಪ್ಪನಷ್ಟು ಚೆನ್ನಾಗಿ ತೆಂಗಿನ ಮರ ಹತ್ತೋರು ಯಾರೂ ಇರಲಿಲ್ಲ. ಸೊಂಟಕ್ಕೂ ಮರಕ್ಕೂ ಸೇರಿಸಿ ಹಗ್ಗ ಸುತ್ತಿ, ಮೊಣಕಾಲೆತ್ತರ ಹತ್ತಿ, ಮೈಭಾರವೆಲ್ಲ ಬಿಟ್ಟು ಹಿಂದಕ್ಕೆ ಜೋತು ನೋಡಿದ ಮೇಲೇ ಮೇಲಕ್ಕೆ ಹೋಗ್ತಿದ್ದ. ಪ್ರತಿ ಮರಕ್ಕೂ ಹಂಗೇ.

ನಾನು ಚಿಕ್ಕೋಳಿದ್ದಾಗ ಒಂದಿನ ಅಪ್ಪನ ಜೊತೆ ತೋಟಕ್ಕೆ ಹೋಗಿದ್ದೆ. ಮಧ್ಯಾಹ್ನ ಕಾಯಿ ತುಂಬೋ ಲಾರಿ ಬಂದು ನಿಂತಿತ್ತು. ತೋಟದ ಗೌಡರಿಗೆ ಅವಸರ. "ಏನಪ್ಪಾ, ಮರ ಹತ್ತೀಯೋ, ಉಯ್ಯಾಲೆ ಆಡ್ತೀಯೋ?" ಅಂತ ಅಣಕಿಸಿದರು.

"ಇಲ್ಲಿಂದ ಬಿದ್ರೆ ನೀವು ನಗ್ತೀರಿ ಗೌಡ್ರೇ, ಮೇಲಿಂದ ಬಿದ್ರೆ ಇವಳು ಅಳ್ತಾಳೆ," ಅಂತ ಅಪ್ಪ ನನ್ನ ಕಡೆ ಕೈ ತೋರಿಸಿ, ಹಿಂದಕ್ಕೆ ಜೋತುಬಿದ್ದ.

ಹಗ್ಗ ಪಟ್ಟಂತ ಕಿತ್ತುಹೋಯ್ತು. ಅಪ್ಪ ದೊಪ್ಪಂತ ಕುಂಡಿ ಮೇಲೆ ಕೂತ! ಗೌಡರು ನಕ್ಕರು, ಕೂಲಿಯೋರು ನಕ್ಕರು, ಎಲ್ಲರಿಗಿಂತ ಜೋರಾಗಿ ಅಪ್ಪನೇ ನಕ್ಕ. ಆಮೇಲೆ ಗೌಡರು ಒಂದ್ಸಲ ತಲೆಯೆತ್ತಿ ಮರದ ತುದಿ ನೋಡಿದರು. ಅವರ ನಗು ಅಲ್ಲೇ ನಿಂತುಹೋಯ್ತು.

ಅಪ್ಪ ಬುಡದಲ್ಲೇ ಕೂತು ಹೊಸ ಹಗ್ಗ ಹೊಸೆಯೋಕೆ ಶುರುಮಾಡಿದ. ಲಾರಿಯೋನು ಹಾರನ್ ಮೇಲೆ ಹಾರನ್ ಹೊಡೆದರೂ ತಲೆ ಎತ್ತಲಿಲ್ಲ. ಗೌಡರೇ "ಇಂಜಿನ್ ಆಫ್ ಮಾಡೋ, ಕಾಯಿ ಎಲ್ಲಿಗೂ ಓಡಿಹೋಗಲ್ಲ" ಅಂತ ಅವನನ್ನ ಗದರಿ, ಪಂಚೆ ಎತ್ತಿಕಟ್ಟಿ, ಅಪ್ಪನ ಎದುರಿಗೆ ಕೂತು ಹಗ್ಗದ ಇನ್ನೊಂದು ತುದಿ ಹಿಡ್ಕೊಂಡರು.