ಬರಬಾರದ ಬೇರಿಂಗ್

ಅಳಿಯ ಸುತ್ತಿಗೆಯನ್ನು ಭುಜದ ಮೇಲಿಂದ ಬೀಸಿ, ಎಲ್ಲಿ ಹೊಡೆದರೆ ಬೇರಿಂಗ್ ಬರುವುದಿಲ್ಲವೋ ಸರಿಯಾಗಿ ಅಲ್ಲಿಗೇ ಹೊಡೆದ. ಆ ಸದ್ದಿಗೆ ಪಕ್ಕದ ಮನೆಯ ಕಿಟಕಿ ಮುಚ್ಚಿಕೊಂಡಿತು. ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದ ಮಾವ, "ಏನಾದ್ರೂ ಅಲುಗಾಡ್ತಾ?" ಎಂದು ಕೇಳಿದರು.

"ಎಲ್ಲಿ ಮಾವ, ಜಪ್ಪಯ್ಯ ಅಂದ್ರೂ ಬರ್ತಿಲ್ಲ."

ಮಾವನ ಮೋಟಾರ್ ಸೈಕಲ್ ಮುಂದಿನ ಚಕ್ರವಿಲ್ಲದೆ ಹಿತ್ತಲ ಗೋಡೆಗೆ ಒರಗಿತ್ತು. ಹ್ಯಾಂಡಲ್ ಕೂರುವ ಉಕ್ಕಿನ ದಂಡ ಮಾತ್ರ ಕಳಚಿಕೊಂಡು ಬಂದು ಒಗೆಯುವ ಕಲ್ಲಿನ ಮೇಲಿತ್ತು. ಅದರ ಬುಡದಲ್ಲಿ ಬೇರಿಂಗ್ ಕಚ್ಚಿಕೊಂಡು ಕೂತಿತ್ತು. ಹ್ಯಾಂಡಲ್ ಅದುರುತ್ತದೆ, ಬೇರಿಂಗ್ ಹೋಗಿದೆ ಎಂದು ದೂರಿದವರು ಮಾವ. ತೆಗೆದುಕೊಡುತ್ತೇನೆ ಎಂದು ಮುಂದೆ ಬಂದವನು ತಾಂತ್ರಿಕ ಶಾಲೆಯಲ್ಲಿ ಯಂತ್ರಗಳ ಪಾಠ ಹೇಳುವ ಅಳಿಯ. ಅದು ಬರಲೇಬಾರದು ಎಂದು ಅಡುಗೆಮನೆಯಲ್ಲಿ ಅವನಿಗೆ ಗುಟ್ಟಾಗಿ ಅಪ್ಪಣೆ ಕೊಟ್ಟವರು ಅತ್ತೆ. "ಈ ವಯಸ್ಸಲ್ಲಿ ಗಾಡಿ ಬೇಡ ಅಂದ್ರೆ ಮನಸ್ಸಿಗೆ ಹಚ್ಕೋತಾರೆ. ನೀವು ಬಿಚ್ಚಿಡಿ, ಜೋಡಿಸ್ಬೇಡಿ. ಕೆಟ್ಟ ಹೆಸರು ಬಂದ್ರೆ ನಿಮಗೆ ಬರ್ಲಿ. ನೀವು ಅಳಿಯ ಅಲ್ವಾ?"

ಹೆಸರು ಆಗಲೇ ಕೆಟ್ಟಿತ್ತು. ಒಂದೇ ಮಗ್ಗುಲಿಗೆ ಬಡಿದರೆ ಬೇರಿಂಗಿನ ಉಂಗುರ ಓರೆಯಾಗಿ ಇನ್ನಷ್ಟು ಬಿಗಿಯುತ್ತದೆ ಎಂದು ಶಾಲೆಯಲ್ಲಿ ಹೇಳಿಕೊಡುವವನು, ರಜೆ ಸಿಕ್ಕಾಗಲೆಲ್ಲ ಇಲ್ಲಿ ಬಂದು ಶ್ರದ್ಧೆಯಿಂದ ಒಂದೇ ಮಗ್ಗುಲಿಗೆ ಬಡಿಯುತ್ತಿದ್ದ. ಬಾಯಲ್ಲಿ ಹೇಳೋದಕ್ಕಷ್ಟೇ ಲಾಯಕ್ಕು ಎಂದು ಪಕ್ಕದ ಮನೆಯವರು ತೀರ್ಮಾನಿಸಿಯಾಗಿತ್ತು. ಮಾವ ಮಾತ್ರ ಒಂದು ದಿನವೂ ಬೇಸರಪಟ್ಟಿರಲಿಲ್ಲ. ಮೆಕ್ಯಾನಿಕ್ಕಿಗೆ ಕೊಡೋಣ ಎಂದೂ ಅಂದಿರಲಿಲ್ಲ.

ಅಷ್ಟರಲ್ಲಿ ಅತ್ತೆ ಹಬೆಯಾಡುವ ಪಾತ್ರೆ ಹಿಡಿದು ಹಿತ್ತಲಿಗೆ ಬಂದರು. "ಕಲ್ಲೆಲ್ಲ ಗ್ರೀಸ್ ಮಾಡಿಟ್ಟಿದ್ದೀರಿ. ನಾನು ಬಟ್ಟೆ ಎಲ್ಲಿ ಒಗೀಲಿ? ಸ್ವಲ್ಪ ಕೈ ತೆಗೀರಿ" ಎಂದವರೇ ಕುದಿಯುವ ನೀರನ್ನು ಕಲ್ಲಿನ ಮೇಲೆ, ದಂಡದ ಮೇಲೆ, ಬೇರಿಂಗಿನ ಮೇಲೆ ಧಾರಾಳವಾಗಿ ಸುರಿದರು. ಗಂಡನಿಗೆ ಕಾಣದಂತೆ ಅಳಿಯನಿಗೊಂದು ಮೆಚ್ಚುಗೆಯ ನೋಟ ಕೊಟ್ಟು ಒಳಗೆ ಹೋದರು.

ಅಳಿಯ ಅಭ್ಯಾಸಬಲದಿಂದ ಚಾಣ ಇಟ್ಟು ಮೆಲ್ಲಗೆ ತಟ್ಟಿದ. ಬಿಸಿಗೆ ಹಿಗ್ಗಿದ್ದ ಬೇರಿಂಗ್ ಟಣ್ ಎಂದು ಬಿಟ್ಟುಕೊಂಡು, ದಂಡದುದ್ದಕ್ಕೂ ಜಾರಿ, ಉರುಳಿಕೊಂಡು ಹೋಗಿ ಮಾವನ ಕಾಲ ಬಳಿ ಬಿತ್ತು.

ಇಬ್ಬರೂ ಅದನ್ನೇ ನೋಡಿದರು. ಇಬ್ಬರಿಗೂ ಸಂತೋಷವಾಗಲಿಲ್ಲ. ಮಾವ ಹೆಗಲ ಮೇಲಿನ ಟವೆಲಿನಿಂದ ಹಿಡಿದು ಅದನ್ನು ಎತ್ತಿಕೊಂಡರು. ಗ್ರೀಸೆಲ್ಲ ತೊಳೆದುಹೋಗಿ ರೋಲರುಗಳು ಥಳಥಳ ಹೊಳೆಯುತ್ತಿದ್ದವು. ಅಳಿಯ ಬಗ್ಗಿ ಬೆರಳಿನಿಂದ ತಿರುಗಿಸಿದ. ಬೆಣ್ಣೆಯ ಹಾಗೆ ತಿರುಗಿತು. ತೆಗೆಯುವ ಮನಸ್ಸೇ ಇಲ್ಲದವನು ಇಷ್ಟು ದಿನ ಅದನ್ನು ಸರಿಯಾಗಿ ನೋಡಿಯೂ ಇರಲಿಲ್ಲ.

"ಮಾವ, ಇದಕ್ಕೇನೂ ಆಗಿಲ್ಲ. ಹಾಗಿದ್ರೆ ಹ್ಯಾಂಡಲ್ ಅದುರಿದ್ದು..."

"ಗೊತ್ತು" ಎಂದರು ಮಾವ. ಅವರ ಅಂಗೈಯಲ್ಲಿ ಬೇರಿಂಗ್ ಸಣ್ಣಗೆ ಕಟಕಟ ಎನ್ನುತ್ತಿತ್ತು. "ಈಚೆಗೆ ಅರ್ಧ ಲೋಟ ಚಹಾ ಸಾಕು ಅಂತೀನಲ್ಲ, ಯಾಕಂದ್ಕೊಂಡಿದ್ರಿ? ತುಂಬಿದ ಲೋಟ ತುಳುಕುತ್ತೆ. ಡಾಕ್ಟರಿಗೂ ತೋರಿಸ್ದೆ. ಇದು ಬಿಚ್ಚಿ ಸರಿ ಮಾಡೋ ಅಂಥದ್ದಲ್ವಂತೆ."

ಅಳಿಯ ಸುತ್ತಿಗೆ ಕೆಳಗಿಟ್ಟ. ತಪ್ಪೊಪ್ಪಿಕೊಳ್ಳುವ ದನಿಯಲ್ಲಿ, "ಮಾವ, ನಾನೂ ಇಷ್ಟು ದಿನ ಬೇಕಂತಲೇ..." ಎಂದ.

"ಅದೂ ಗೊತ್ತು. ಪಾಠ ಹೇಳೋ ಮನುಷ್ಯ ಇಷ್ಟು ಕೆಟ್ಟದಾಗಿ ಹೊಡೆಯೋಕೆ ಸಾಧ್ಯವಾ? ಅವಳೇ ಹೇಳಿರ್ತಾಳೆ ಅಂದ್ಕೊಂಡೆ. ನೀವು ತಪ್ಪಾಗಿ ಹೊಡೆದಷ್ಟೂ ನನಗೆ ನೆಮ್ಮದಿ."

"ಅತ್ತೆಗೆ ಹೇಳಿಬಿಡೋಣ ಮಾವ."

"ಹೇಳಿದ್ರೆ ನಾಳೆಯಿಂದ ನನ್ನ ಅಂಗಿ ಗುಂಡಿ ಅವಳೇ ಹಾಕ್ತಾಳೆ. ಊಟದ ತಟ್ಟೆ ಮುಂದೆ ಕೂತು ನನ್ನ ಕೈಯನ್ನೇ ನೋಡ್ತಾಳೆ. ಬೇಡ. ಇದು ಬರದೇ ಇರೋ ತನಕ ತಪ್ಪು ಇದರದ್ದು. ಬಂತು ಅಂದ್ರೆ ನಂದು. ಬಿಸಿ ಆರೋದ್ರೊಳಗೆ ವಾಪಸ್ ಹಾಕಿಬಿಡಿ."

ಅಳಿಯ ಮೊದಲ ಬಾರಿಗೆ ತನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿದ. ಬೇರಿಂಗನ್ನು ದಂಡಕ್ಕೆ ತೊಡಿಸಿ, ಸುತ್ತಲೂ ಸಮನಾಗಿ ತಟ್ಟುತ್ತ, ಒಂದು ಕೂದಲೆಳೆಯಷ್ಟೂ ಓರೆಯಾಗದಂತೆ ಇದ್ದ ಜಾಗದಲ್ಲೇ ಕೂರಿಸಿದ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಯಾರಿಗೂ ತೋರಿಸುವ ಹಾಗಿರಲಿಲ್ಲ. ಮಾವ ಡಬ್ಬಿಯಿಂದ ಗ್ರೀಸು ಬಳಿದುಕೊಂಡು ಅದರ ಹೊಳಪನ್ನೆಲ್ಲ ಮುಚ್ಚಿದರು.

ಸದ್ದು ಬದಲಾದದ್ದು ಕೇಳಿಸಿತೋ ಏನೋ, ಅತ್ತೆ ಗಾಬರಿಯಿಂದ ಬಾಗಿಲಿಗೆ ಬಂದರು. "ಏನ್ರೀ, ಬಂದುಬಿಡ್ತಾ?"

"ಇಲ್ಲ ಕಣೇ. ಬಲೇ ಹಟಮಾರಿ."

ಅತ್ತೆಯ ಮುಖ ಅರಳಿತು. ಅರಳಿದ್ದು ಗೊತ್ತಾಗಬಾರದೆಂದು ಅಳಿಯನ ಕಡೆ ತಿರುಗಿ ಹುಬ್ಬು ಗಂಟಿಕ್ಕಿದರು. ಆಮೇಲೆ ಗಂಡನ ಹತ್ತಿರ ಬಂದು, ಅವರ ಬೆನ್ನ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡ್ರಿ, ಇವರಿಗೆಲ್ಲಿ ಬರುತ್ತೆ? ನಿಮ್ಮ ಕೈಗೆ ಕೊಟ್ಟಿದ್ರೆ ಒಂದೇ ಏಟಿಗೆ ಬರ್ತಿತ್ತು" ಎಂದು ಸಮಾಧಾನ ಹೇಳಿದರು.

"ಮತ್ತಿನ್ನೇನು" ಎಂದ ಮಾವ, ಎರಡೂ ಕೈಗಳನ್ನು ಟವೆಲಿನೊಳಗೆ ಸುತ್ತಿಕೊಂಡರು.