ನೈರಿಯ ಹೆಸರಿನ ಮೀನು

ಮೀನಿನ ತಲೆ ಸೀಳಿದ ಕೂಡಲೇ ಹೊಮ್ಮಿದ ನಾತಕ್ಕೆ ನೈರಿ ಮುಖ ತಿರುಗಿಸಿದಳು. ಮೊಯೆರಾಕಿ ಬಂದರಿನ ದಕ್ಕೆಯಲ್ಲಿ ಕೂತು ಮೀನಿನ ತಲೆಗಳಿಂದ ಕಿವಿಯೊಳಗಿನ ಪುಟ್ಟ ಕಿವಿಗಲ್ಲು ತೆಗೆಯುವುದು ಅವಳಿಗೆ ಹೊಸದಲ್ಲ. ಪ್ರತಿ ಜಾತಿಗೂ ಅದರ ಆಕಾರ ಬೇರೆ; ಬಂಡೆಯಲ್ಲಿ ಸಿಕ್ಕ ಪುರಾತನ ಕಲ್ಲು ಯಾವ ಮೀನಿನದೆಂದು ತಿಳಿಯಲು ಇಂದಿನ ಮೀನುಗಳ ಕಲ್ಲನ್ನು ಪಕ್ಕದಲ್ಲಿಟ್ಟು ನೋಡಲೇಬೇಕು. ಆದರೆ ಇಂಥ ಲೋಳೆಯ ಮೀನನ್ನು ಅವಳೆಂದೂ ಮುಟ್ಟಿರಲಿಲ್ಲ.

"ಇದ್ಯಾವ ಮೀನೋ, ವಿರೆಮು?"

"ಯಾರಿಗ್ಗೊತ್ತು ಆಂಟಿ. ಆಳದ ಗಾಳಕ್ಕೆ ಸಿಕ್ಕಿದ ಕಸ. ನಮ್ಮಪ್ಪನೂ ನೋಡಿಲ್ವಂತೆ. ಬೆಕ್ಕು ಸಹ ಮೂಸಲ್ಲ," ದೋಣಿ ತೊಳೆಯುತ್ತಿದ್ದ ಹುಡುಗ ಮೂಗು ಮುಚ್ಚಿಕೊಂಡ.

ಮಿದುಳಿನ ಅಡಿಯಿಂದ ಬಿಳಿ ಕಲ್ಲೊಂದು ಚಿಮುಟಕ್ಕೆ ಬಂತು. ನೈರಿ ಒರೆಸಿ ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಕೊಕ್ಕಿನಂಥ ಮೊನೆ. ನಡುವೆ ಬಾಗಿದ ಗೀರು.

ಹೋದ ವಾರ ಅವಳ ಹಳೆಯ ಶಿಷ್ಯ ಡೆಸ್ಮಂಡ್ ತೋರಿಸಿದ್ದೂ ಇಂಥದ್ದನ್ನೇ. ಅದು ಕಂದುಬಣ್ಣದ್ದು. ಎರಡು ಕೋಟಿ ವರ್ಷ ಹಳೆಯ ಸುಣ್ಣಕಲ್ಲಿನಲ್ಲಿ ಸಿಕ್ಕಿತೆಂದಿದ್ದ. ನಿರ್ನಾಮವಾದ ಆ ಮೀನಿಗೆ ಅವಳದೇ ಹೆಸರಿಟ್ಟಿದ್ದ. ನೈರಿ ಹೆಮ್ಮೆಯಿಂದ ಅತ್ತುಬಿಟ್ಟಿದ್ದಳು.

ಈಗ ಅರ್ಥವಾಯಿತು. ದಕ್ಕೆಯ ಕಸದಿಂದ ಹೆಕ್ಕಿದ ಕಲ್ಲನ್ನು ಹಳೆಯದಾಗಿ ಕಾಣಲೆಂದು ಚಹಾದಲ್ಲಿ ನೆನೆಸಿದ್ದಾನೆ! ಕೈಗೆ ಮೆತ್ತಿದ ಲೋಳೆಗಿಂತ ಅವನೇ ಹೆಚ್ಚು ಅಸಹ್ಯವೆನಿಸಿದ.

ಮಧ್ಯಾಹ್ನ ವಸ್ತುಸಂಗ್ರಹಾಲಯದ ಅವನ ಕೋಣೆಗೆ ನುಗ್ಗಿ ಕಲ್ಲನ್ನು ಮೇಜಿನ ಮೇಲೆ ಕುಕ್ಕಿದಳು. "ಥೂ! ನನ್ನ ಹೆಸರನ್ನೇ ಹೊಲಸು ಮಾಡಿದೆಯಲ್ಲೋ!"

ಡೆಸ್ಮಂಡ್ ಬಿಳಿಚಿಕೊಂಡ. ಕಳ್ಳ ಸಿಕ್ಕಿಬಿದ್ದ, ಅಂದುಕೊಂಡಳು.

"ಇದು... ಎಲ್ಲಿ ಸಿಕ್ತು?"

"ನಿನಗೆ ಸಿಕ್ಕಿದ ಕಡೆಯೇ. ನಾರೋ ಮೀನಿನ ತಲೇಲಿ."

ಅವನು ಕಪಾಟಿನಿಂದ ಸುಣ್ಣಕಲ್ಲಿನ ತುಂಡೊಂದನ್ನು ತಂದ. ಒಡೆದ ಮುಖದಲ್ಲಿ ಮೀನಿನ ತಲೆಬುರುಡೆಯ ಅಚ್ಚು. ಅದರೊಳಗೆ, ಹೋದ ವಾರ ತೋರಿಸಿದ್ದರ ಜೋಡಿಯ ಇನ್ನೊಂದು ಕಲ್ಲು ಬಂಡೆಗೇ ಬೆಸೆದುಕೊಂಡು ಕೂತಿತ್ತು. ಅದೇ ಕೊಕ್ಕು, ಅದೇ ಗೀರು. ಇದನ್ನು ಮನುಷ್ಯರು ಅಂಟಿಸಿದ್ದಲ್ಲ ಎಂಬುದು ನೈರಿಗೆ ಒಂದೇ ನೋಟಕ್ಕೆ ತಿಳಿಯಿತು.

"ನಾನು ಮೋಸ ಮಾಡಿಲ್ಲ, ನೈರಿ. ನೀವು ತಂದಿರೋದೂ ಸುಳ್ಳಲ್ಲ." ಡೆಸ್ಮಂಡ್ ಬಿಳಿ ಕಲ್ಲನ್ನು ಅಚ್ಚಿನ ಪಕ್ಕದಲ್ಲಿಟ್ಟ. "ಆ ಮೀನು ಅಳಿದೇ ಇಲ್ಲ. ಇನ್ನೂ ಬದುಕಿದೆ! ಬೇಗ ಹೇಳಿ, ಅದನ್ನ ಎಲ್ಲಿಟ್ಟಿದ್ದೀರಿ?"

ಎರಡು ಕೋಟಿ ವರ್ಷ ಯಾರ ಕಣ್ಣಿಗೂ ಬೀಳದೆ ಉಳಿದು ಬಂದಿದ್ದ ಆ ಮೀನನ್ನು, ತನ್ನದೇ ಹೆಸರಿನ ಆ ಮೀನನ್ನು, ಅವಳು ಹೇಸಿಕೊಂಡು ತುಂಡು ತುಂಡಾಗಿ ಕಡಲಹಕ್ಕಿಗಳಿಗೆ ಎಸೆದು ಬಂದಿದ್ದಳು.