ಮೂರನೇ ಮಹಡಿಯ ಹಾಜರಿ

ಮಿಲ್ಲಿನಲ್ಲಿ ಹತ್ತಿಮೂಟೆ ಮೈಮೇಲೆ ಬಿದ್ದು ದ್ಯಾಮವ್ವನ ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ಅಂಗವಿಕಲರ ಮಾಸಾಶನದ ಜೊತೆಗೆ ಇಬ್ಬರು ಹೆಣ್ಣುಮಕ್ಕಳ ಹೆಸರಿನಲ್ಲಿ ಹೆಚ್ಚುವರಿ ಭತ್ಯೆ ಬರುತ್ತಿತ್ತು. ಅವಳು ದಿನಾ ಹೊಲಿಗೆ ತರಬೇತಿಗೆ ಹಾಜರಾಗದಿದ್ದರೆ ಮಕ್ಕಳ ಭತ್ಯೆ ನಿಲ್ಲುತ್ತದೆ ಎಂದು ಕಚೇರಿಯಿಂದ ಕಾಗದ ಬಂತು. ತರಬೇತಿ ಇದ್ದದ್ದು ಆ ಕಚೇರಿಯ ಮೂರನೇ ಮಹಡಿಯಲ್ಲಿ, ಲಿಫ್ಟ್ ಇರಲಿಲ್ಲ.

ಮೊದಲ ದಿನವೇ ಅವಳು ಗಾಲಿಕುರ್ಚಿಯನ್ನು ಮೆಟ್ಟಿಲಿಗೆ ಅಡ್ಡ ನಿಲ್ಲಿಸಿ ಕಚೇರಿಯ ಸಾಹೇಬರ ದಾರಿ ಕಟ್ಟಿದಳು.

“ನಾ ಬಂದೀನ್ರಿ. ಮ್ಯಾಲ ಹೆಂಗ ಹತ್ತಲಿ? ನೀವು ಹೊತ್ಕೊಂಡು ಒಯ್ತೀರೇನು?”

“ನನಗೇನ್ ಹೇಳ್ತಿ? ಹಾಜರಿ ಇಲ್ಲಂದ್ರ ಭತ್ಯೆ ಇಲ್ಲ.”

“ನನ್ನ ಮಕ್ಕಳ ಅನ್ನ ಕಸ್ಕೊಳ್ಳಾಕ ನಾಚಿಕಿ ಬರಂಗಿಲ್ಲೇನ್ರಿ ನಿಮಗ?”

ಅವಳ ಕೂಗಿಗೆ ಜನ ಸೇರಿದರು. ಸಾಹೇಬರು ಮೆತ್ತಗಾದರು.

“ಆತು ಬಿಡವಾ. ದಿನಾ ಇಲ್ಲೇ ಕೆಳಗ ಸಹಿ ಮಾಡಿ ಹೋಗು.”

ಮೂರು ತಿಂಗಳು ಉರಿಬಿಸಿಲಿನಲ್ಲಿ ಬಂದು, ಜವಾನ ಮೂರನೇ ಮಹಡಿಯಿಂದ ಕೆಳಗೆ ತಂದ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದಳು. ಹೊಲಿಗೆಯನ್ನು ಮಾತ್ರ ಯಾರೂ ಕಲಿಸಲಿಲ್ಲ.

ನಾಲ್ಕನೇ ತಿಂಗಳು ಹಣ ಬರಲಿಲ್ಲ, ಕಾಗದ ಬಂತು. ದೊಡ್ಡ ಮಗಳು ಗಟ್ಟಿಯಾಗಿ ಓದಿದಳು: “ಒಂದು ದಿನವೂ ತಪ್ಪದೆ ಮೂರನೇ ಮಹಡಿ ಹತ್ತಿ ತರಬೇತಿ ಪಡೆದಿರುವುದರಿಂದ ನೀವು ಅಂಗವಿಕಲರಲ್ಲವೆಂದು ತೀರ್ಮಾನಿಸಿ, ಮಾಸಾಶನವನ್ನೂ ಮಕ್ಕಳ ಭತ್ಯೆಯನ್ನೂ ರದ್ದುಪಡಿಸಲಾಗಿದೆ.”